ಅಪ್ಪ ನಕ್ಕ ಹನ್ನೊಂದು ಸೆಕೆಂಡು

ಫೆಬ್ರವರಿ ೩, ಸೋಮವಾರ

ತಂಗಿ ಫೋನ್ ಮಾಡಿ ಮದುವೆಯ ಕೆಲಸ ಹಂಚಿದಳು. ಹಂಚಿದಳು ಅನ್ನುವುದು ಅವಳ ಮಾತು. ಬಂದದ್ದೆಲ್ಲ ನನ್ನ ಪಾಲಿಗೇ. ಏಪ್ರಿಲ್ ಆರಕ್ಕೆ ಮದುವೆ. ಅವಳಿಗೆ ದೂರದ ಬಂದರಿನಲ್ಲಿ ಸರಕು ತಪಾಸಣೆಯ ಕೆಲಸ, ರಜೆ ಸಿಗುವುದು ಮದುವೆಗೆ ಇನ್ನು ಎರಡು ದಿನ ಇದೆ ಅನ್ನುವಾಗ. ಸಭಾಂಗಣ, ಅಡುಗೆಯವರು, ಆಹ್ವಾನ ಪತ್ರ, ಕುರ್ಚಿ ಯಾವುದನ್ನು ಕೇಳಿದರೂ ಅವಳದು ಒಂದೇ ಉತ್ತರ, “ನಿನಗೆ ಸರಿ ಕಂಡಿದ್ದು ಮಾಡಕ್ಕ.” ಪಟ್ಟು ಹಿಡಿದಿರುವುದು ಎರಡಕ್ಕೇ. ಮದುವೆಯ ರಿಜಿಸ್ಟರಿನಲ್ಲಿ ಸಾಕ್ಷಿಯಾಗಿ ಅಪ್ಪನೇ ಸಹಿ ಹಾಕಬೇಕು. ಇನ್ನೊಂದು ಫೋಟೊ ವಿಷಯ.

“ಫೋಟೊ, ವಿಡಿಯೊ ಎರಡೂ ಕ್ಯಾಂಡಿಡ್ ತೆಗೆಯೋರೇ ಆಗಬೇಕು. ‘ಇಲ್ಲಿ ನೋಡಿ, ನಗಿ, ಗಲ್ಲ ಸ್ವಲ್ಪ ಮೇಲೆ’ ಅನ್ನೋರು ಬೇಡ. ನಮ್ಮ ಪಾಡಿಗೆ ನಾವಿರ್ತೀವಿ, ಅವರ ಪಾಡಿಗೆ ಅವರು ತೆಗೀತಿರಲಿ.”

ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಹೇಳಿದೆ. “ಅಂದ್ರೆ ನಾವು ಆಕಳಿಸುವಾಗ, ಮೂಗು ಒರೆಸ್ಕೊಳ್ಳುವಾಗ, ಹಿಂದಿನಿಂದ ಬಂದು ತೆಗೆಯೋದು. ಅಷ್ಟು ಮಾಡಿದ್ದಕ್ಕೆ ಅವರಿಗೆ ಊಟ ಬೇರೆ ಹಾಕಬೇಕು,” ಅಂದಳು ಅಮ್ಮ.

ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಗೊತ್ತಿಲ್ಲದ ಹಾಗೆ ಒಬ್ಬರನ್ನ ದಾಖಲು ಮಾಡೋದು ಸರಿಯಲ್ಲ. ಅಂಥವರು ಬಂದ್ರೆ ನನ್ನ ಕಡೆ ತಿರುಗಬಾರದು ಅಂತ ಹೇಳು,” ಅಂದರು.

ಮೂವತ್ತೆರಡು ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚುಗಾರರಾಗಿದ್ದವರು. ಸಾಕ್ಷಿಗಳು ಅತ್ತರೂ, ಬೈದಾಡಿದರೂ, ಹಸಿ ಸುಳ್ಳು ಹೇಳಿದರೂ ಮುಖದ ಒಂದು ಗೆರೆ ಅಲುಗದಂತೆ ಟೈಪ್ ಮಾಡುವುದು ಅವರ ಕೆಲಸ. ನಿವೃತ್ತಿಯಾಗಿ ಆರು ವರ್ಷವಾಯಿತು. ಮೇಜು, ಯಂತ್ರ, ಬೀಗದ ಕೈ ಎಲ್ಲ ಕಚೇರಿಗೆ ಒಪ್ಪಿಸಿ ಬಂದರು. ಆ ಮುಖವನ್ನು ಮಾತ್ರ ಇನ್ನೂ ವಾಪಸು ಕೊಟ್ಟಿಲ್ಲ.

ಫೆಬ್ರವರಿ ೮, ಶನಿವಾರ

ಎರಡು ಸ್ಟುಡಿಯೊ ನೋಡಿ ಬಂದೆ.

ಮೊದಲನೆಯದರಲ್ಲಿ ಗೋಡೆ ತುಂಬ ದಂಪತಿಗಳು, ಎಲ್ಲರ ತಲೆಯೂ ಒಂದೇ ಕಡೆ ವಾಲಿದೆ. ಹದಿನಾಲ್ಕು ವರ್ಷ ಲ್ಯಾಬಿನಲ್ಲಿ ಕಂಡವರ ಬಾಯಿಯ ಅಚ್ಚು ಹಿಡಿದು ಹಲ್ಲು ಕಟ್ಟಿದ ನನಗೆ ಯಾರನ್ನು ನೋಡಿದರೂ ಕಣ್ಣು ನೆಟ್ಟಗೆ ಬಾಯಿಗೇ ಹೋಗುತ್ತದೆ. ಅಲ್ಲಿದ್ದವರೆಲ್ಲ ಅಳೆದಂತೆ ಒಂದೇ ಪ್ರಮಾಣದಲ್ಲಿ ಬಾಯಿ ತೆರೆದಿದ್ದರು.

“ಕ್ಯಾಂಡಿಡ್ ತಾನೇ? ಮಾಡಿಸೋಣ ಮೇಡಂ,” ಅಂದ ಮಾಲೀಕ.

“ಮಾಡಿಸೋದು ಅಂದ್ರೆ?”

“ಆ ಕಡೆ ನೋಡ್ಕೊಂಡು, ಏನೋ ನೆನಪಾಗಿ ನಕ್ಕ ಹಾಗೆ ಮಾಡಿ ಅಂತ ಹೇಳ್ತೀವಿ. ಮೂರು ಸಲ ಮಾಡಿದ್ರೆ ಒಂದು ಸಲ ಸಹಜವಾಗಿ ಬರುತ್ತೆ.”

ಎರಡನೆಯವರು ಕ್ಯಾಮೆರಾವನ್ನು ಆಕಾಶದಲ್ಲಿ ಹಾರಿಸುತ್ತಾರಂತೆ. ಮೇಲಿಂದ ನೋಡಿದರೆ ನಮ್ಮ ಮನೆಯವರೆಲ್ಲ ಬರೀ ಬೋಳು ತಲೆ ಅಂದೆ. ಆತ ನಗಲಿಲ್ಲ. ಬಂದುಬಿಟ್ಟೆ.

ಫೆಬ್ರವರಿ ೧೬, ಭಾನುವಾರ

ಮೂರನೆಯದು ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿದೆ. ನಡೆಸುವವರು ಅಕ್ಕ, ತಮ್ಮ. ಅಕ್ಕನದು ಫೋಟೊ, ತಮ್ಮನದು ವಿಡಿಯೊ. ಗೋಡೆಯ ಮೇಲೆ ಒಂದೇ ಒಂದು ಚಿತ್ರವಿಲ್ಲ. ಕೇಳಿದ್ದಕ್ಕೆ ಆಕೆ, “ಬಂದವರು ಗೋಡೆ ನೋಡ್ತಾರೆ. ನಾನು ಅವರನ್ನ ನೋಡಬೇಕಲ್ಲ,” ಅಂದಳು. ನಲವತ್ತರ ಆಸುಪಾಸು, ಮೋಟು ಕೂದಲು. ಅವಳು ಓಡಾಡಿದರೆ ಸದ್ದೇ ಆಗುವುದಿಲ್ಲ, ಬೆಕ್ಕು ನಡೆದ ಹಾಗೆ. ಮದುವೆ ಮನೆಗೆಂದು ಅಂಥ ಶೂ ಹುಡುಕಿ ಕೊಂಡಿದ್ದಾಳಂತೆ.

ನಾನು ಕೇಳಬೇಕೆಂದು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಅವಳೇ ನನ್ನ ಮುಂದೆ ಒಂದು ಹಾಳೆ ಇಟ್ಟಳು. ಎಷ್ಟು ಜನ, ಎಷ್ಟು ಹೊತ್ತು ಅನ್ನುವುದೆಲ್ಲ ಕೊನೆಯಲ್ಲಿತ್ತು. ಮೇಲಿದ್ದದ್ದು ಇವು: ನಿಮ್ಮ ಮನೆಯಲ್ಲಿ ಯಾರು ಯಾರ ಪಕ್ಕ ಕೂರುವುದಿಲ್ಲ? ಯಾರಿಗೆ ಬೇಗ ಅಳು ಬರುತ್ತದೆ? ಅಳು ಬಂದಾಗ ಎಲ್ಲಿಗೆ ಹೋಗುತ್ತಾರೆ? ಎಲ್ಲರೂ ಯಾರ ಮುಖ ನೋಡಿ ಆಮೇಲೆ ನಗುತ್ತಾರೆ?

“ಇದೆಲ್ಲ ಯಾಕೆ ಬೇಕು?”

“ಎಲ್ಲಿ ನಿಂತ್ಕೋಬೇಕು ಅಂತ ಗೊತ್ತಾಗೋಕೆ. ಓಡಿಹೋಗಿ ಫೋಟೊ ಹಿಡಿಯೋಕೆ ಆಗಲ್ಲ. ಅದು ನಡೆಯೋ ಜಾಗದಲ್ಲಿ ನಾನು ಮೊದಲೇ ಇರಬೇಕು.”

ಅಮ್ಮನ ಬಗ್ಗೆ ಅರ್ಧ ಪುಟ ಬರೆದೆ. ತಂಗಿಯ ಬಗ್ಗೆ ಅದಕ್ಕಿಂತ ಹೆಚ್ಚು. ‘ತಂದೆ ಯಾವಾಗ ನಗುತ್ತಾರೆ?’ ಅನ್ನುವಲ್ಲಿ ಪೆನ್ನು ನಿಂತಿತು. ಅಪ್ಪ ನಗುವುದೇ ಇಲ್ಲ ಎಂದಲ್ಲ. ತುಟಿ ಒಂದಿಷ್ಟು ಅಗಲವಾಗುತ್ತದೆ, ಅಷ್ಟೇ. ಹಲ್ಲು ಕಾಣುವುದಿಲ್ಲ. ಯಾವಾಗ ಅನ್ನುವುದನ್ನು ನಾನು ಗಮನಿಸಿಯೇ ಇಲ್ಲ. ಖಾಲಿ ಬಿಟ್ಟೆ.

‘ನಿಮ್ಮ ಬಗ್ಗೆ’ ಎಂದೂ ಒಂದು ಜಾಗವಿತ್ತು. ‘ನಾನು ಅಡುಗೆಯವರ ಹತ್ತಿರ ಇರುತ್ತೇನೆ’ ಎಂದು ಬರೆದೆ.

ಫೆಬ್ರವರಿ ೧೮, ಮಂಗಳವಾರ

ಅಪ್ಪ ಇದ್ದಾರೆ. ಬೇರೆ ಯಾರದೋ ಮದುವೆಯ ವಿಡಿಯೊದಲ್ಲಿ ನಮ್ಮ ಅಪ್ಪ ಇದ್ದಾರೆ.

ಊಟದ ಬಿಡುವಿನಲ್ಲಿ, ಆ ಅಕ್ಕ, ತಮ್ಮ ಕಳಿಸಿದ ಮಾದರಿ ವಿಡಿಯೊವನ್ನು ಫೋನಿನಲ್ಲಿ ನೋಡುತ್ತಿದ್ದೆ. ಬೇರೆ ಬೇರೆ ಮದುವೆಗಳ ತುಣುಕುಗಳನ್ನು ಜೋಡಿಸಿ, ಮೇಲೆ ಸಂಗೀತ ಹಾಕಿದ್ದಾರೆ. ಮಾತು ಕೇಳಿಸುವುದಿಲ್ಲ. ನಾಲ್ಕನೇ ನಿಮಿಷದಲ್ಲಿ ಒಂದು ಉದ್ದನೆಯ ಮೇಜು, ಅದರ ಹಿಂದೆ ಮೂವರು. ಮಧ್ಯದಲ್ಲಿರುವವರು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತುಂಬ ತೆರೆದು, ಭುಜ ಕುಲುಕಿಸಿ ನಗುತ್ತಿದ್ದಾರೆ. ಯಾರೋ ಖುಷಿಯ ಮನುಷ್ಯ ಅಂದುಕೊಂಡೆ. ಆಮೇಲೆ ಅವರ ಹಲ್ಲು ನೋಡಿದೆ.

ಮೇಲಿನ ಸಾಲು, ಎಡಗಡೆ, ಕೋರೆಹಲ್ಲಿನ ಪಕ್ಕದ್ದು. ಅದು ನನ್ನ ಕೈ ಕೆಲಸ. ಅಪ್ಪನ ಹಲ್ಲುಗಳು ಒಂದು ಎಳೆಯಷ್ಟು ಒಳಕ್ಕೆ ವಾಲಿವೆ. ಹೊಂದಲಿ ಎಂದು ಕಟ್ಟಿದ ಹಲ್ಲನ್ನೂ ಅಷ್ಟೇ ವಾಲಿಸಿದ್ದೆ. ಪಿಂಗಾಣಿಯ ಬಣ್ಣವನ್ನು ನಾಲ್ಕು ಸಲ ಬದಲಿಸಿದ್ದೆ. ಮಾಡಿದವಳಿಗಲ್ಲದೆ ಇನ್ನೊಬ್ಬರಿಗೆ ಅದು ಕಟ್ಟಿದ ಹಲ್ಲೆಂದು ತಿಳಿಯುವುದಿಲ್ಲ. ಕೂರಿಸಿಕೊಂಡು ಬಂದ ದಿನ ಕನ್ನಡಿ ನೋಡಿ ಅಪ್ಪ ಹೇಳಿದ್ದು ಒಂದೇ ಮಾತು, “ಪರವಾಗಿಲ್ಲ.”

ಹನ್ನೊಂದು ಸೆಕೆಂಡು. ಎಣಿಸಿದೆ. ಮೂವತ್ತಾರು ವರ್ಷದಲ್ಲಿ ನಾನು ನೋಡಿರದ ಮುಖ.

ಮಧ್ಯಾಹ್ನ ಮೇಣದಲ್ಲಿ ತಿದ್ದುತ್ತಿದ್ದ ದವಡೆ ಹಲ್ಲು ಕೈ ತಪ್ಪಿ ಹಾಳಾಯಿತು.

ಫೆಬ್ರವರಿ ೧೯, ಬುಧವಾರ

ಸೊಪ್ಪು ಬಿಡಿಸುತ್ತಿದ್ದ ಅಮ್ಮನನ್ನು ಸುಮ್ಮನೆ ಎಂಬಂತೆ ಕೇಳಿದೆ, ಒಂದೆರಡು ವರ್ಷದಲ್ಲಿ ಅಪ್ಪ ಒಬ್ಬರೇ ಯಾವುದಾದರೂ ಮದುವೆಗೆ ಹೋಗಿದ್ದರಾ ಎಂದು.

“ಹೋಗಿದ್ರಲ್ಲ. ನನಗೆ ಕಾಲು ಮುರಿದು ಪ್ಲಾಸ್ಟರ್ ಹಾಕಿದ್ರು ನೋಡು, ಆಗ. ನೀನು ಲ್ಯಾಬಿನವರ ಜೊತೆ ಎಲ್ಲಿಗೋ ಹೋಗಿದ್ದೆ. ಕಚೇರಿ ಕಡೆ ಮದುವೆ ಅಂದ್ರು. ಹುಡುಗಿ ಹೇಗಿದ್ಲು ಅಂದ್ರೆ ‘ಇದ್ಲು’ ಅಂದ್ರು. ಊಟಕ್ಕೆ ಏನು ಮಾಡಿದ್ರು ಅಂದ್ರೆ ‘ಊಟ’ ಅಂದ್ರು. ಇನ್ನೇನು ಕೇಳಲಿ?”

ಅಂದರೆ ಗುಟ್ಟಲ್ಲ. ಅಪ್ಪ ಹೇಳಲಿಲ್ಲ, ನಾವು ಕೇಳಲಿಲ್ಲ. ಅಷ್ಟೇ ಆಗಿದ್ದರೆ ನಾನು ಯಾಕೆ ನಿನ್ನೆಯಿಂದ ಆ ತುಣುಕನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ? ನಮ್ಮ ಮನೆಯಲ್ಲಿ ಬರದ ನಗು ಯಾರ ಮನೆಯಲ್ಲಿ ಹೇಗೆ ಬಂತು, ಅದನ್ನು ತಿಳಿದುಕೊಳ್ಳಬೇಕು.

ಅಪ್ಪ ಊಟ ಮಾಡುವಾಗ ಅವರ ಬಾಯನ್ನೇ ನೋಡುತ್ತಿದ್ದೆ. “ಏನು?” ಅಂದರು. “ಏನಿಲ್ಲ,” ಅಂದೆ.

ಫೆಬ್ರವರಿ ೨೨, ಶನಿವಾರ

ಸ್ಟುಡಿಯೊಗೆ ಹೋಗಿ ಮುಂಗಡ ಕೊಟ್ಟೆ. ಆಮೇಲೆ ಫೋನ್ ತೆಗೆದು ಆ ಹನ್ನೊಂದು ಸೆಕೆಂಡು ತೋರಿಸಿದೆ. “ಇವರು ನಮ್ಮಪ್ಪ,” ಅಂದೆ.

ಕ್ಯಾಮೆರಾದವಳು ನನ್ನ ಮುಖ, ಅಪ್ಪನ ಮುಖ ಎರಡನ್ನೂ ನೋಡಿದಳು. “ಹಣೆ ಅದೇ,” ಅಂದಳು.

“ಇದರ ಪೂರ್ತಿ ವಿಡಿಯೊ ಬೇಕು. ಧ್ವನಿ ಇರೋದು.”

“ಕೊಡಕ್ಕಾಗಲ್ಲ.”

“ನಮ್ಮಪ್ಪ ಕಣ್ರೀ.”

“ಅಪ್ಪ ನಿಮ್ಮೋರು, ಮದುವೆ ಅವರದು. ನಾಳೆ ನಿಮ್ಮ ತಂಗಿ ಮದುವೆ ವಿಡಿಯೊ ಬೇಕು ಅಂತ ಯಾರಾದ್ರೂ ಬಂದ್ರೆ ಕೊಡಲಾ?”

ಫೋನನ್ನು ಚೀಲಕ್ಕೆ ಹಾಕಿಕೊಂಡೆ. ನನ್ನ ಮುಖ ಇಳಿದದ್ದನ್ನು ನೋಡಿದಳೋ ಏನೋ, ಆ ಮದುವೆಯ ಹುಡುಗಿಗೆ ಫೋನ್ ಮಾಡಿ ಕೇಳುತ್ತೇನೆ, ಅವಳು ಒಪ್ಪಿದರೆ ನಂಬರ್ ಕೊಡುತ್ತೇನೆ ಎಂದಳು. ಮೆಟ್ಟಿಲು ಇಳಿಯುವಾಗ ಅವಳ ತಮ್ಮ ಹಿಂದಿನಿಂದ ಬಂದು, “ಆ ತುಣುಕು ತೆಗೆದಿದ್ದು ನಾನು. ಅಂಥ ನಗು ವರ್ಷಕ್ಕೊಂದು ಸಿಕ್ಕಿದ್ರೆ ಹೆಚ್ಚು,” ಅಂದ.

ಮಾರ್ಚ್ ೨, ಭಾನುವಾರ

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಆ ಮದುವೆಯ ಹುಡುಗಿಯನ್ನು ಭೇಟಿಯಾದೆ. ಇಪ್ಪತ್ತೇಳು, ಇಪ್ಪತ್ತೆಂಟು ಇರಬಹುದು. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ. ನಾನು ಕೂರುವ ಮೊದಲೇ, “ನೀವು ದೊಡ್ಡ ಮಗಳು ಅಲ್ವಾ? ಹಲ್ಲಿನವರು,” ಅಂದಳು. ನನಗೆ ಹಿಡಿಸಲಿಲ್ಲ. ನನಗೆ ಅವಳು ಗೊತ್ತಿಲ್ಲ, ಅವಳಿಗೆ ನಾನು ಹೇಗೆ ಗೊತ್ತು?

ಅವಳು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ಅವಳಿಗೆ ಒಂಬತ್ತು ವರ್ಷವಿದ್ದಾಗ ಅವಳ ಅಪ್ಪ, ಅಮ್ಮ ಬೇರೆಯಾದರು. ಮಗು ಯಾರ ಬಳಿ ಇರಬೇಕು ಎಂಬ ಮೊಕದ್ದಮೆ ಮೂರು ವರ್ಷ ನಡೆಯಿತು. ವಿಚಾರಣೆ ಇದ್ದಾಗಲೆಲ್ಲ ಅವಳನ್ನು ಕರೆತಂದು ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಒಂದು ದಿನ ಟೈಪಿಂಗ್ ಕೋಣೆಯಿಂದ ಬಂದ ಒಬ್ಬರು ಏನೂ ಮಾತಾಡದೆ ಬಾಗಿಲು ತೆರೆದು ಹಿಡಿದು ನಿಂತರಂತೆ. ಒಳಗೆ ಹಳೆಯ ಯಂತ್ರ ಒಂದಿತ್ತು. ಒಂದು ಕಡೆ ಟೈಪ್ ಆಗಿ ತಪ್ಪಾದ ಹಾಳೆಗಳ ರಾಶಿ ಕೊಟ್ಟು, “ಹಿಂದಿನ ಮಗ್ಗುಲು ನಿನ್ನದು,” ಅಂದರಂತೆ.

“ಮೂರು ವರ್ಷದಲ್ಲಿ ನೋಡದೆ ಟೈಪ್ ಮಾಡೋದು ಕಲಿಸಿದ್ರು. ನನ್ನ ಮನೆ ವಿಷಯ ಒಂದು ಸಲಾನೂ ಕೇಳಲಿಲ್ಲ. ಕೇಳದೆ ಇದ್ದವರು ಅವರೊಬ್ಬರೇ. ಅವರ ಮನೆ ವಿಷಯ ಮಾತ್ರ ಹೇಳ್ತಿದ್ರು. ನೀವು ಸೋಪಿನಲ್ಲಿ ಆನೆ ಕೆತ್ತಿದ್ದು, ನಿಮ್ಮ ತಂಗಿ ಅದರಲ್ಲೇ ಸ್ನಾನ ಮಾಡಿಬಿಟ್ಟಿದ್ದು.”

ನಡೆದದ್ದು ನಿಜ. ಅಪ್ಪನಿಗೆ ಅದು ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

“ನನ್ನ ಮದುವೆಗೆ ನಮ್ಮಪ್ಪ, ಅಮ್ಮ ಇಬ್ಬರೂ ಬರ್ತೀವಿ ಅಂದ್ರು. ಪಕ್ಕ ಪಕ್ಕ ಕೂರಲ್ಲ ಅಂದ್ರು. ಮಧ್ಯೆ ಕೂರೋಕೆ ಒಬ್ಬರು ಬೇಕಿತ್ತು. ಇಬ್ಬರ ಕಡೆಯವರೂ ಅಲ್ಲದವರು, ಇಬ್ಬರ ಜಗಳಾನೂ ಪೂರ್ತಿ ಕೇಳಿದವರು. ಸಾರ್ ಬಿಟ್ಟು ಇನ್ಯಾರಿದ್ರು?”

ಆ ಮೂವರ ಮೇಜಿನಲ್ಲಿ ಅರ್ಧ ಗಂಟೆ ಯಾರೂ ತುಟಿ ಬಿಚ್ಚಲಿಲ್ಲವಂತೆ. ಇವಳಿಗೆ ಅಳು ಬರುವಂತಾಗಿ, ಹತ್ತಿರ ಹೋಗಿ, “ಸಾರ್, ಏನಾದ್ರೂ ಮಾತಾಡಿ,” ಅಂದಳಂತೆ.

“ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ನಮ್ಮಪ್ಪನ ಕಡೆ ತಿರುಗಿ ಬಾಯಿ ತೆರೆದ್ರು. ‘ಇದರಲ್ಲಿ ಕಟ್ಟಿಸಿದ ಹಲ್ಲು ಯಾವುದು, ಹೇಳಿ’ ಅಂದ್ರು. ನಮ್ಮಪ್ಪ ಕನ್ನಡಕ ಹಾಕ್ಕೊಂಡು ನೋಡಿ ಒಂದು ತೋರಿಸಿದ್ರು. ತಪ್ಪು. ಅಮ್ಮನ ಕಡೆ ತಿರುಗಿದ್ರು. ಅಮ್ಮ ಬಗ್ಗಿ ನೋಡಿ ಇನ್ನೊಂದು ತೋರಿಸಿದ್ರು. ಅದೂ ತಪ್ಪು. ಆಗ ನಮ್ಮಪ್ಪ, ‘ಅವಳು ಹೇಳಿದ್ದು ಸರಿಯಾದದ್ದು ಯಾವಾಗ?’ ಅಂದ್ರು. ಅಮ್ಮ, ‘ಮೊದಲು ತಪ್ಪಿದ್ದು ಯಾರು?’ ಅಂದ್ರು. ಹದಿನೈದು ವರ್ಷದಲ್ಲಿ ಅವರಿಬ್ಬರು ಆಡಿದ ಮೊದಲ ಮಾತು ಅದು. ಸಾರ್‌ಗೆ ನಗು ತಡೆಯೋಕೆ ಆಗಲಿಲ್ಲ. ‘ಇಬ್ಬರೂ ಸೋತ್ರಿ. ನನ್ನ ದೊಡ್ಡ ಮಗಳು ಮಾಡಿದ್ದು ಅದು, ಕಂಡುಹಿಡಿಯೋಕೆ ಆಗಲ್ಲ’ ಅಂದ್ರು.”

ಕಾಫಿ ಆರಿಹೋಗಿತ್ತು. ವಿಡಿಯೊ ಕಳಿಸಲಾ ಎಂದು ಕೇಳಿದಳು. ಬೇಡ ಅಂದೆ. ಯಾಕೆ ಬೇಡ ಅಂದೆನೋ ಗೊತ್ತಿಲ್ಲ. ತಂಗಿಯ ಮದುವೆಗೆ ಬನ್ನಿ ಎಂದು ಕರೆದು ಬಂದೆ.

ಮಾರ್ಚ್ ೩, ಸೋಮವಾರ

ಲ್ಯಾಬಿನಲ್ಲಿ ಏಳು ಹಲ್ಲು ಮುಗಿಸಿದೆ. ಒಂದನ್ನೂ ಮತ್ತೆ ತಿದ್ದಬೇಕು ಅನ್ನಿಸಲಿಲ್ಲ.

ಮಾರ್ಚ್ ೯, ಭಾನುವಾರ

ಹೇಳಿಬಿಟ್ಟೆ.

ಭಾನುವಾರ ಬೆಳಗ್ಗೆ ಅಪ್ಪ ಮನೆಯವರೆಲ್ಲರ ಶೂ, ಚಪ್ಪಲಿಗಳಿಗೆ ಪಾಲಿಶ್ ಹಾಕುತ್ತಾರೆ. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತೆ. ಮಾದರಿ ವಿಡಿಯೊ, ಹನ್ನೊಂದು ಸೆಕೆಂಡು, ಹೋಟೆಲಿನ ಭೇಟಿ ಎಲ್ಲವನ್ನೂ ಹೇಳಿದೆ. ಬ್ರಶ್ ಹಿಡಿದ ಕೈ ಮೊದಲ ವಾಕ್ಯಕ್ಕೇ ನಿಂತಿತ್ತು.

“ಎಷ್ಟು ದಿನದಿಂದ ಗೊತ್ತು?”

“ಮೂರು ವಾರ.”

“ಮೂರು ವಾರ ನನ್ನ ಎದುರಿಗೇ ಕೂತು ಊಟ ಮಾಡಿದ್ದೀಯ.”

“ಹೂಂ.”

“ನನ್ನನ್ನೇ ಕೇಳೋದಲ್ವಾ?”

“ಕೇಳಿದ್ರೆ ಹೇಳ್ತಿದ್ರಾ ಅಪ್ಪ?”

ಅಪ್ಪ ಹೊಳೆಯುತ್ತಿದ್ದ ಶೂವನ್ನೇ ಮತ್ತೆ ಉಜ್ಜಿದರು. “ಆ ಮಗುವಿನ ವಿಷಯ ಕೋರ್ಟಿನದು. ಅದನ್ನ ಮನೆಗೆ ತರಬಾರದು ಅಂತ ಇಟ್ಟುಕೊಂಡಿದ್ದೆ. ನೀನು ಹೋಗಿ ಸಾಕ್ಷಿ ಹೇಳಿಕೆ ತಗೊಂಡು ಬಂದಿದ್ದೀಯ,” ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಎದ್ದು ಹೋಗುವಾಗ, “ರಿಜಿಸ್ಟರಿನಲ್ಲಿ ಸಾಕ್ಷಿ ಸಹಿಗೆ ನಿಮ್ಮ ಮಾವನ್ನ ಕರೀರಿ. ನಾನು ಬಂದು ಹಿಂದೆ ಕೂತಿರ್ತೀನಿ,” ಅಂದರು.

ತಂಗಿಗೆ ಇನ್ನೂ ಹೇಳಿಲ್ಲ. ಅವಳು ಮದುವೆಯಲ್ಲಿ ಬೇಕೆಂದು ಬಾಯಿ ಬಿಟ್ಟು ಕೇಳಿದ್ದು ಎರಡೇ. ಕ್ಯಾಂಡಿಡ್ ಫೋಟೊ, ಅಪ್ಪನ ಸಹಿ. ಒಂದನ್ನು ತರಲು ಹೋಗಿ ಇನ್ನೊಂದನ್ನು ಕಳೆದೆ.

ಮಾರ್ಚ್ ೧೩, ಗುರುವಾರ

ಅಪ್ಪ ಮಾತಾಡುತ್ತಿಲ್ಲ. ಮೊದಲೂ ಮಾತಾಡುತ್ತಿರಲಿಲ್ಲ, ಆದರೆ ಇದು ಬೇರೆ ಮೌನ ಎಂದು ಅಮ್ಮನಿಗೂ ಗೊತ್ತಾಗಿದೆ. “ಏನು ಮಾಡಿದೆ ನಿಮ್ಮಪ್ಪಂಗೆ?” ಎಂದು ಕೇಳಿದಳು. ಹೇಳಿದೆ. ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಆಮೇಲೆ, “ಬಾಯಿ ತೆರೆದು ನಕ್ಕರೆ ಹೇಗಿದಾರೆ?” ಅಂದಳು.

ಫೋನ್ ಕೊಟ್ಟೆ. ಎರಡು ಸಲ ನೋಡಿ, “ಮದುವೆಯಾದ ಹೊಸದರಲ್ಲಿ ಹೀಗೇ ನಗ್ತಿದ್ರು. ಎಲ್ಲಿ ಹೋಯ್ತೋ ಅಂದ್ಕೊಂಡಿದ್ದೆ,” ಎಂದು ಫೋನ್ ಒರೆಸಿ ವಾಪಸು ಕೊಟ್ಟಳು.

ಮಾರ್ಚ್ ೧೯, ಬುಧವಾರ

ಮಧ್ಯಾಹ್ನ ಕ್ಯಾಮೆರಾದವಳ ಫೋನು. “ನಿಮ್ಮ ತಂದೆ ಬಂದಿದ್ರು,” ಅಂದಳು. ಕುರ್ಚಿಯಿಂದ ಎದ್ದೇಬಿಟ್ಟೆ.

ಅಪ್ಪ ಒಬ್ಬರೇ ಮಹಡಿ ಹತ್ತಿ ಹೋಗಿ, “ನನ್ನದು ಏನೇನು ಇಟ್ಟುಕೊಂಡಿದ್ದೀರಿ, ತೋರಿಸಿ,” ಅಂದರಂತೆ. ಆ ತುಣುಕನ್ನು ದೊಡ್ಡ ಪರದೆಯಲ್ಲಿ ಹಾಕಿದಳಂತೆ. ಮತ್ತೊಮ್ಮೆ ಅಂದರಂತೆ. ಇನ್ನೊಮ್ಮೆ ಅಂದರಂತೆ.

“ಬೇಡ ಅಂದ್ರೆ ತೆಗೆದುಬಿಡ್ತೀನಿ ಸಾರ್ ಅಂದೆ. ‘ನಮ್ಮಪ್ಪ ಹೀಗೇ ನಗ್ತಿದ್ರು, ನನಗೆ ಬಂದಿದೆ ಅಂತ ಗೊತ್ತಿರಲಿಲ್ಲ’ ಅಂದ್ರು. ಇರಲಿ ಅಂದ್ರು. ಆಮೇಲೆ ಒಂದು ಷರತ್ತು ಹಾಕಿದ್ರು.”

ಷರತ್ತು ಇದು. ನ್ಯಾಯಾಲಯದಲ್ಲಿ ಸಾಕ್ಷಿಯ ಹೇಳಿಕೆಯನ್ನು ಟೈಪ್ ಮಾಡಿದ ಮೇಲೆ ಅವನಿಗೆ ಓದಿ ಹೇಳುತ್ತಾರೆ. ತಪ್ಪಿದ್ದರೆ ತಿದ್ದುತ್ತಾರೆ. ಸರಿಯಿದೆ ಎಂದು ಅವನು ಒಪ್ಪಿದ ಮೇಲೆಯೇ ಸಹಿ. ಹಾಗೆಯೇ ಮದುವೆಯ ದಿನ ಅವರು ಇರುವ ಫೋಟೊ, ವಿಡಿಯೊ ಎಲ್ಲವನ್ನೂ ಮೊದಲು ಅವರಿಗೆ ತೋರಿಸಬೇಕು. ಅವರು ಬೇಡವೆಂದದ್ದನ್ನು ಅಳಿಸಬೇಕು.

“ನನಗೆ ಇದುವರೆಗೆ ಯಾರೂ ಹೀಗೆ ಕೇಳಿಲ್ಲ. ಇನ್ಮೇಲೆ ಎಲ್ಲರಿಗೂ ಇದೇ ಮಾಡೋಣ ಅಂತ ತಮ್ಮಂಗೆ ಹೇಳ್ತಿದೀನಿ,” ಅಂದಳು ಕ್ಯಾಮೆರಾದವಳು.

ಸಂಜೆ ಮನೆಗೆ ಬಂದಾಗ ಅಪ್ಪ ಬೀರುವಿನಿಂದ ಇದ್ದ ಪೆನ್ನುಗಳನ್ನೆಲ್ಲ ತೆಗೆದು ಹಾಳೆಯ ಮೇಲೆ ಗೀಚಿ ನೋಡುತ್ತಿದ್ದರು. “ರಿಜಿಸ್ಟರಿಗೆ ಕಪ್ಪು ಶಾಯಿ ಇರಬೇಕಾ, ನೀಲಿ ಇರಬೇಕಾ?” ಎಂದು ಕೇಳಿದರು. ಕಪ್ಪು ಅಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಏಪ್ರಿಲ್ ೧, ಮಂಗಳವಾರ

ಕೆಲಸದ ಮೇಲೆ ಕೆಲಸ. ಕುರ್ಚಿಯವನು ಇಪ್ಪತ್ತು ಕಡಿಮೆ ಎನ್ನುತ್ತಾನೆ, ಅಡುಗೆಯವರು ಜನ ಎಷ್ಟೆಂದು ದಿನಕ್ಕೆರಡು ಸಲ ಕೇಳುತ್ತಾರೆ.

ಲ್ಯಾಬಿನಲ್ಲಿ ಯಜಮಾನರ ಜೊತೆ ಒಂದು ಸಣ್ಣ ವಾದ. ಮುಂದಿನ ಹಲ್ಲು ಕಟ್ಟುವುದಿದ್ದರೆ ಅಚ್ಚಿನ ಜೊತೆ ಆ ಮನುಷ್ಯ ಮಾತಾಡುತ್ತಿರುವ ಫೋಟೊ ಒಂದನ್ನೂ ಕಳಿಸಲಿ ಎಂದು ದಂತವೈದ್ಯರಿಗೆ ಹೇಳಿ ಅಂದೆ. “ಹದಿನಾಲ್ಕು ವರ್ಷ ಇಲ್ಲದ್ದು ಈಗ ಯಾಕೆ?” ಅಂದರು. ಬಾಯಿ ಮಾತಾಡುವಾಗ ಬೇರೆಯೇ ಇರುತ್ತದೆ ಅಂದೆ. ನೋಡೋಣ ಅಂದಿದ್ದಾರೆ.

ಏಪ್ರಿಲ್ ೬, ಭಾನುವಾರ

ಆಯಿತು. ಕಾಲು ಕಂಬವಾಗಿದೆ. ತಂಗಿ ಹೊರಟಳು. ನಾಳೆ ಬರೆಯುತ್ತೇನೆ.

ಏಪ್ರಿಲ್ ೮, ಮಂಗಳವಾರ

ಅಪ್ಪ ಸಹಿ ಹಾಕಿದರು. ಹಾಕುವ ಮೊದಲು ರಿಜಿಸ್ಟರಿನ ಪುಟವನ್ನು ಮೇಲಿನಿಂದ ಕೆಳಗೆ ಪೂರ್ತಿ ಓದಿದರು. ನೋಂದಣಿ ಅಧಿಕಾರಿ ಎರಡು ಸಲ ಗಡಿಯಾರ ನೋಡಿಕೊಂಡ. ವರನ ಅಜ್ಜನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ತೋರಿಸಿ, ತಿದ್ದಿಸಿ, ಆಮೇಲೆ ಸಹಿ. ಬೀಗರ ಕಡೆಯವರು ಮುಖ ಮುಖ ನೋಡಿಕೊಂಡರು. ತಂಗಿಗೆ ನಗು ತಡೆಯಲಾಗದೆ ಗಂಡನ ಹೆಗಲಿಗೆ ಮುಖ ಒತ್ತಿಕೊಂಡಳು. ಕ್ಯಾಮೆರಾದವಳು ಆ ಹೊತ್ತಿಗೆ ಸರಿಯಾಗಿ ಆ ಹೆಗಲಿನ ಹಿಂದೆಯೇ ಇದ್ದಳು.

ಅಪ್ಪ ನಗಲಿಲ್ಲ. ನಗುತ್ತಾರೇನೋ ಎಂದು ನಾನು ಕಾದದ್ದು ನಿಜ. ಆ ಹುಡುಗಿ ಗಂಡನ ಜೊತೆ ಬಂದಿದ್ದಳು. ಅವಳನ್ನು ಅಪ್ಪನೇ ಅಮ್ಮನ ಬಳಿ ಕರೆದೊಯ್ದು, “ಇವಳು ನನ್ನ ಹತ್ತಿರ ಟೈಪಿಂಗ್ ಕಲಿತವಳು,” ಎಂದರು. ಅಮ್ಮ ಅವಳ ಕೈ ಹಿಡಿದುಕೊಂಡವಳು ಊಟ ಮುಗಿಯುವವರೆಗೂ ಬಿಡಲಿಲ್ಲ. ಅಪ್ಪನಿಂದ ಎಂದೂ ಹೊರಡದ ವಿಷಯಗಳನ್ನೆಲ್ಲ ಅವಳಿಂದ ಹೊರಡಿಸಿಕೊಂಡಳು.

ಫೋಟೊದವರು ಹೊರಟಾಗ, “ನೀವು ಅಡುಗೆಯವರ ಹತ್ತಿರ ಇರ್ತೀನಿ ಅಂತ ಬರೆದಿದ್ರಿ. ಎಲ್ಲಾ ಕಡೆ ಇದ್ರಿ,” ಅಂದಳು ಕ್ಯಾಮೆರಾದವಳು.

ಮೇ ೪, ಭಾನುವಾರ

ಫೋಟೊ, ವಿಡಿಯೊ ಎಲ್ಲ ಬಂದಿವೆ. ಷರತ್ತಿನ ಪ್ರಕಾರ ಮೊದಲು ಅಪ್ಪನಿಗೆ. ಬೆಳಗ್ಗೆ ಹತ್ತಕ್ಕೆ ಇಬ್ಬರೂ ಕೂತೆವು. ಅಪ್ಪ ಒಂದು ಹಾಳೆಗೆ ಗೆರೆ ಎಳೆದು, ಸಂಖ್ಯೆ ಹಾಕಿ, ‘ಒಪ್ಪಿಗೆ’, ‘ಬೇಡ’ ಎಂದು ಎರಡು ಭಾಗ ಮಾಡಿಕೊಂಡಿದ್ದರು. ಫೋಟೊಗಳು ಬೇಗ ಮುಗಿದವು. ಬೇಡ ಅನ್ನಿಸಿಕೊಂಡದ್ದು ಎರಡೇ, ಎರಡರಲ್ಲೂ ಅವರು ಕಿವಿ ಕೆರೆದುಕೊಳ್ಳುತ್ತಿದ್ದರು.

ವಿಡಿಯೊವನ್ನು ಒಂದು ಕಡೆ ನಿಲ್ಲಿಸಿ ಹಿಂದಕ್ಕೆ ಓಡಿಸಿದೆ. ಕ್ಯಾಮೆರಾದವಳ ತಮ್ಮ ಬಹಳ ಹತ್ತಿರದಿಂದ ಅಪ್ಪನ ಕೈಗಳನ್ನು ಮಾತ್ರ ತೆಗೆದಿದ್ದ. ಎರಡೂ ಕೈ ತೊಡೆಯ ಮೇಲಿವೆ, ಹತ್ತು ಬೆರಳೂ ಸಣ್ಣಗೆ ಆಡುತ್ತಿವೆ. ನಿಲ್ಲುವುದೇ ಇಲ್ಲ. ಕೈ ನಡುಗುವ ಕಾಯಿಲೆಯ ಬಗ್ಗೆ ಕೇಳಿದ್ದೇನೆ. ಎಷ್ಟು ದಿನದಿಂದ ಇದೆಯೋ, ನಮಗೆ ಹೇಳದೆ ಇದ್ದಾರೋ ಏನೋ ಅನ್ನಿಸಿತು. ಈ ಸಲ ಮೂರು ವಾರ ಕಾಯಲಿಲ್ಲ.

“ಅಪ್ಪ, ನಿಮ್ಮ ಕೈಗೆ ಏನಾಗಿದೆ?”

ಅಪ್ಪ ಪರದೆಯ ಹತ್ತಿರ ಬಗ್ಗಿದರು. “ಏನಾಗಿದೆ? ಏನೂ ಇಲ್ಲ. ಟೈಪ್ ಮಾಡ್ತಿದೀನಿ.”

“ಏನನ್ನ?”

“ಏನು ಕೇಳಿಸಿದ್ರೆ ಅದು. ಸುಮ್ಮನೆ ಕೂತರೆ ಬೆರಳು ತಾನಾಗೇ ಹೋಗುತ್ತೆ. ಬಸ್ಸಲ್ಲೂ ಹಾಗೇ.”

“ಏನು ಟೈಪ್ ಮಾಡಿದ್ರಿ ಅಂತ ನೋಡಿದ್ರೆ ಗೊತ್ತಾಗುತ್ತಾ?”

ಅವರಿಗೂ ಅದು ಹೊಸ ಪ್ರಶ್ನೆ. ಕನ್ನಡಕ ಒರೆಸಿ ಹಾಕಿಕೊಂಡರು. ನಿಧಾನ ಮಾಡು ಅಂದರು. ನಾನು ವೇಗ ತಗ್ಗಿಸಿದೆ. ಅಪ್ಪ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಪರದೆಯ ಬೆರಳಿನ ಹಿಂದೆಯೇ ತಮ್ಮ ಬೆರಳನ್ನು ಬಿಡುತ್ತಾ, ಸಾಕ್ಷಿಗೆ ಓದಿ ಹೇಳುವ ದನಿಯಲ್ಲಿ ಹೇಳತೊಡಗಿದರು. “‘ಉಪ್ಪು ಕಡಿಮೆ.’ ಇದು ನಿಮ್ಮ ಮಾವ. ‘ಹುಡುಗನಿಗೆ ಎತ್ತರ ಇದೆ.’ ಇದು ಯಾರೋ ಹಿಂದಿನ ಸಾಲಿನವರು. ಆಮೇಲೆ ಗೊತ್ತಾಗ್ತಿಲ್ಲ, ಕೈ ಮರೆಯಾಯ್ತು. ‘ಪುಟ, ದಿನಾಂಕ, ಸಹಿ.’”

ಮುಂದಿನ ತುಣುಕಿನಲ್ಲಿ ಊಟದ ಪಂಕ್ತಿ. ಅಪ್ಪ ಮೂಲೆಯ ಕುರ್ಚಿಯಲ್ಲಿ ಒಬ್ಬರೇ ಇದ್ದಾರೆ. ಸುತ್ತ ಮಾತಾಡುವವರು ಯಾರೂ ಇಲ್ಲ. ಬೆರಳು ಮಾತ್ರ ಆಡುತ್ತಿವೆ. ಅಪ್ಪ ನೋಡಿದರು, ಓದಲಿಲ್ಲ.

“ಇದು?”

“ಇದು ಕೇಳಿಸಿಕೊಂಡಿದ್ದಲ್ಲ.”

“ಮತ್ತೆ?”

ತುಣುಕನ್ನು ಮೊದಲಿನಿಂದ ಹಾಕಿಸಿದರು. ಆಮೇಲೆ ಅದೇ ದನಿಯಲ್ಲಿ, “‘ದೊಡ್ಡವಳು ಊಟ ಮಾಡಿಲ್ಲ,’” ಎಂದರು. ಬೆರಳುಗಳು ಒಂದು ಕ್ಷಣ ನಿಂತು ಮತ್ತೆ ಹೊರಟವು. “‘ದೊಡ್ಡವಳು ಇನ್ನೂ ಊಟ ಮಾಡಿಲ್ಲ.’ ಇದನ್ನೇ ಟೈಪ್ ಮಾಡಿದ್ದೀನಿ. ಮುಂದೆ ಎಲ್ಲಾ ಇದೇ ಇದೆ.”

ಅವತ್ತು ನಾನು ಊಟ ಮಾಡಿದ್ದು ಸಂಜೆ ಐದಕ್ಕೆ, ಪಾತ್ರೆ ತೊಳೆಯುವವರ ಜೊತೆ. ಅದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

“ಬಂದು ಹೇಳಬೇಕಿತ್ತು ಅಪ್ಪ,” ಅಂದೆ.

“ಎದ್ದಿದ್ದೆ. ಎರಡು ಸಲ ಎದ್ದಿದ್ದೆ. ಅವನು ತೆಗೆದಿದ್ರೆ ಅದರಲ್ಲೇ ಇರಬೇಕು, ನೋಡು.”

ಮುಂದಕ್ಕೆ ಓಡಿಸಿದೆ. ಇತ್ತು. ಅಪ್ಪ ಕುರ್ಚಿಯಿಂದ ಏಳುತ್ತಾರೆ, ನನ್ನ ಕಡೆಗೆ ನಾಲ್ಕು ಹೆಜ್ಜೆ ಬರುತ್ತಾರೆ. ನಾನು ಅಡುಗೆಯವನ ಜೊತೆ ಕೈ ಬೀಸಿ ಏನೋ ಮಾತಾಡುತ್ತಾ ಆ ಕಡೆ ತಿರುಗಿಬಿಡುತ್ತೇನೆ. ಅಪ್ಪ ನಿಂತು, ನೋಡಿ, ವಾಪಸು ಹೋಗಿ ಕೂರುತ್ತಾರೆ. ಇನ್ನೊಂದು ಕಡೆ ಮತ್ತೆ ಹಾಗೆಯೇ. ಆ ಸಲ ಅವರ ಕೈಯಲ್ಲಿ ತಟ್ಟೆ ಇದೆ.

ನಾವಿಬ್ಬರೂ ಅದನ್ನು ಎರಡು ಸಲ ನೋಡಿದೆವು. ಅಪ್ಪ ಪೆನ್ನು ತೆಗೆದು ಹಾಳೆಯಲ್ಲಿ ‘ಒಪ್ಪಿಗೆ’ ಅನ್ನುವ ಕಡೆ ಗುರುತು ಹಾಕಿದರು.

ಒಳಗಿನಿಂದ ಅಮ್ಮ, “ಗಂಟೆ ಎರಡೂವರೆ ಆಯ್ತು, ಇವತ್ತೂ ಊಟ ಮಾಡಲ್ವಾ ನೀವಿಬ್ಬರು?” ಎಂದು ಕೂಗಿದಳು. ಎದ್ದು ಹೋಗಿ ಊಟ ಮಾಡಿ ಬಂದೆವು. ಅಪ್ಪ ಕೈ ಒರೆಸಿಕೊಂಡು ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಇನ್ನೂ ನಾಲ್ಕು ಗಂಟೆಯ ವಿಡಿಯೊ ಇದೆ.